ಗಾಣಗಾಪುರದ ಐದು ಮನೆ

ಅಪ್ಪ-ಅವ್ವ ಇಲ್ಲದವರನ್ನು ನಮ್ಮ ಕಡೆ ಪರದೇಶಿ ಅನ್ನುತ್ತಾರೆ. ನಾನು ಹುಟ್ಟಿದ್ದು ಆಳಂದದ ಹತ್ತಿರ, ಬೆಳೆದದ್ದು ಅತನೂರಿನ ಕಾಕಾನ ಮನೆಯಲ್ಲಿ. ಕಾಕಾ-ಕಾಕಿ ನನ್ನನ್ನು ಹೊಡೆದವರಲ್ಲ, ಉಪವಾಸ ಕೆಡವಿದವರಲ್ಲ. ಅಫಜಲಪುರದ ಕಾಲೇಜಿಗೂ ಕಳಿಸಿದರು. ಅದೇ ತೊಂದರೆ. ಕೆಟ್ಟವರಾಗಿದ್ದರೆ ಜಗಳವಾದರೂ ಆಡಬಹುದಿತ್ತು. ಒಳ್ಳೆಯವರ ಮನೆಯಲ್ಲಿ ಉಂಡೆದ್ದಾಗಲೆಲ್ಲ ನಾಚಿಕೆಯೊಂದೇ ಗತಿ.

ಡಿಗ್ರಿ ಮುಗಿದ ಮೇಲೆ ಜೇವರ್ಗಿಯ ರೊಟ್ಟಿ ಕೇಂದ್ರವೊಂದರಲ್ಲಿ ಕೆಲಸ ಸಿಕ್ಕಿತು. ಜೋಳದ ರೊಟ್ಟಿ ಬಡಿಯುವುದು, ಫೋನಿನಲ್ಲಿ ಆರ್ಡರ್ ಹಿಡಿಯುವುದು. ಇರಲು ಅಲ್ಲೇ ಒಂದು ಖೋಲಿ. ಹೋಗಲೇ ಎಂದು ಕೇಳಿದರೆ ಕಾಕಿ, "ಗಾಣಗಾಪುರದ ಹರಕಿ ತೀರ್ಲಿ, ಆಮ್ಯಾಲ ನೋಡೂಣು" ಅಂದಳು.

ಕಾಕಾನ ಮೊಣಕಾಲಿನ ಆಪರೇಷನ್ ಸುಸೂತ್ರವಾದರೆ ಮನೆಮಂದಿಯೆಲ್ಲ ಮಧುಕರಿ ಬೇಡುತ್ತೇವೆ ಎಂದು ಅವಳು ಹರಕೆ ಹೊತ್ತಿದ್ದಳು. ಗಾಣಗಾಪುರಕ್ಕೆ ಮಧ್ಯಾಹ್ನ ದತ್ತನೇ ಭಿಕ್ಷೆಗೆ ಬರುತ್ತಾನಂತೆ. ಅದಕ್ಕೇ ಹೊಲ-ಮನೆ ಇದ್ದವರೂ ಜೋಳಿಗೆ ಹಿಡಿದು ಐದು ಮನೆ ಬೇಡಿ ಉಣ್ಣುತ್ತಾರೆ. ದೊಡ್ಡಸ್ತಿಕೆ ಇಳಿಯಲಿ ಅಂತ. ಇಳಿಸಿಕೊಳ್ಳಲು ನನ್ನ ಹತ್ತಿರ ಏನಿತ್ತು ಹೇಳಿ?

ಕಾಕಾನ ಕಾಲು ನೆಟ್ಟಗಾದ ಮೇಲೆ ಮೂವರೂ ಹೋದೆವು. ಕಾಕಿ ಇಳಕಲ್ ಸೀರೆ ಉಟ್ಟು, ಬಂಗಾರದ ಬಳೆಯ ಕೈಯಲ್ಲಿ ಜೋಳಿಗೆ ಚಾಚಿ, ಖುಷಿಯಿಂದ ಕೂಗಿ ಬೇಡುತ್ತಿದ್ದಳು. ಅವಳಿಗೆ ಅದು ಒಂದು ಹೊತ್ತಿನ ಭಕ್ತಿ. ನಾನೋ, ನಾಲ್ಕು ಮನೆಗಳನ್ನು ಅವಳ ಸೆರಗಿನ ಹಿಂದೆ ನಿಂತೇ ದಾಟಿದೆ. ಐದನೆಯ ಮನೆಯಲ್ಲಿ ಅವಳು ನನ್ನನ್ನು ಮುಂದಕ್ಕೆ ತಂದು ಬಾಗಿಲಲ್ಲಿ ನಿಲ್ಲಿಸಿದಳು.

"ಪರದೇಶಿ ಕೂಸು ಅದರಿ ಎವ್ವಾ, ಜರಾ ಹೆಚ್ಚ ನೀಡ್ರಿ."

ಭಿಕ್ಷೆಗೆ ಸಾಲುಗಟ್ಟಿ ನಿಂತವರೆಲ್ಲ ತಿರುಗಿ ನೋಡಿದರು. ನೀಡುವಾಕೆ ಲೊಚಗುಟ್ಟುತ್ತ ಇನ್ನೊಂದು ರೊಟ್ಟಿ, ಮೇಲೆ ಒಂದು ಹಿಡಿ ಸಜ್ಜಕ ಹಾಕಿದಳು. ಭೂಮಿ ಬಾಯಿಬಿಟ್ಟು ನುಂಗಬಾರದೇ ಅನ್ನಿಸಿತು.

ಮರದ ನೆರಳಲ್ಲಿ ಉಣ್ಣಲು ಕೂತಾಗ ನಾನು ಜೋಳಿಗೆ ಬಿಚ್ಚಲಿಲ್ಲ.

"ಕಾಕೀ, ನಾ ಸೋಮವಾರ ಜೇವರ್ಗಿಗಿ ಹೋಗ್ತೇನಿ."

"ಮಂದಿಗಿ ರೊಟ್ಟಿ ಬಡ್ಯಾಕ? ಇದ್ದೊಂದು ಕೂಸಿಗಿ ಉಣ್ಣಾಕ ಹಾಕಲಿಲ್ಲ ಅಂತ ಊರವರು ನಮ್ಮ ಮಾರಿಗಿ ಉಗುಳಲೇನು?"

"ಬೇಡಿ ಉಂಡಿದ್ದು ಸಾಕಾಗ್ಯಾದ, ಕಾಕೀ."

ನಾನು ಹೇಳಿದ್ದು ಆ ಐದು ಮನೆಗಳ ಮಾತಲ್ಲ. ಅದು ಅವಳಿಗೂ ತಿಳಿಯಿತು. ಕೈಯಲ್ಲಿದ್ದ ತುತ್ತನ್ನು ಕೆಳಗಿಟ್ಟಳು.

"ಇಷ್ಟ ವರ್ಷ ನಾ ನಿನಗ ನೀಡಿದ್ದು ಭಿಕ್ಷಾ ಏನಬೇ?"

ಕಾಕಾ ಮುಖ ತಿರುಗಿಸಿದ. ಇಲ್ಲ ಅನ್ನಬೇಕಿತ್ತು. ಹೊಟ್ಟೆಯಲ್ಲಿ ಹುಟ್ಟಿದ ಮಗಳಾದರೆ ಥಟ್ಟನೆ ಅನ್ನುತ್ತಿದ್ದಳು. ನಾನು ಜೋಳಿಗೆಯ ಗಂಟನ್ನು ಇನ್ನಷ್ಟು ಬಿಗಿದೆ. ಸೋಮವಾರ ಬಸ್ ಹತ್ತಿಸಲು ಕಾಕಾ ಒಬ್ಬನೇ ಬಂದ.

ಈಗ ನನ್ನ ದುಡಿಮೆಯ ರೊಟ್ಟಿ ಉಣ್ಣುತ್ತೇನೆ. ಹೊಟ್ಟೆ ತುಂಬುತ್ತದೆ, ಹೆಮ್ಮೆಯೂ ಇದೆ, ಸುಳ್ಳೇಕೆ? ಬಹಳ ದಿನ ಮಾತು ಬಿಟ್ಟಿದ್ದ ಕಾಕಿ ಮೊನ್ನೆ ತಾನಾಗಿ ಫೋನ್ ಮಾಡಿದಳು.

"ಹಬ್ಬಕ್ಕರ ಮನಿಗಿ ಬಾ, ತಂಗಿ. ನೀ ಏನೂ ಬೇಡಬ್ಯಾಡ. ನಾನೇ ಬೇಡ್ಕೊಳ್ಳಾಕತ್ತೇನಿ."

ಐದನೆಯ ಮನೆಯ ಬಾಗಿಲಲ್ಲೂ ನನಗೆ ಅಷ್ಟು ನಾಚಿಕೆಯಾಗಿರಲಿಲ್ಲ.