ಚುಟ್ಟದ ಪೆಟ್ಟಿಗೆಯ ಮೇಲೆ ಪಟ್ಟದ ಹೋರಿ

ನನ್ನ ಗಾಜಿನ ಚಿತ್ರಗಳನ್ನು ನೋಡಿದವರು ಒಂದು ಪ್ರಶ್ನೆ ಕೇಳುವುದುಂಟು. ದೀಪದ ಪೆಟ್ಟಿಗೆಯೊಳಗೆ ಎರಡು ಗಾಜುಗಳನ್ನು ಒಂದರ ಮೇಲೊಂದು ಇಟ್ಟು ಮೇಲಿನದನ್ನು ಮೆಲ್ಲಗೆ ಎಳೆದರೆ, ಎದುರಿನ ಬಿಳಿ ಬಟ್ಟೆಯ ಮೇಲೆ ಹಸು ತಲೆಯೆತ್ತುತ್ತದೆ, ಗಿಳಿ ರೆಕ್ಕೆ ಬಡಿಯುತ್ತದೆ, ಮುದುಕನೊಬ್ಬ ಸೀನುತ್ತಾನೆ. ಇದನ್ನು ಎಲ್ಲಿ ಕಲಿತಿರಿ ಎನ್ನುತ್ತಾರೆ. ದಿಂಡಿಗಲ್ಲಿನಲ್ಲಿ ಚುಟ್ಟದ ಪೆಟ್ಟಿಗೆಗಳಿಗೆ ಚೀಟಿ ಬರೆಯುತ್ತ ಕಲಿತೆ ಎಂದರೆ ನಗುತ್ತಾರೆ. ನಿಜ ಅದೇ. ಆ ಕೆಲಸವನ್ನೂ ಅದರಲ್ಲಿ ನಾನು ಮಾಡಿದ ಒಂದು ತಪ್ಪನ್ನೂ ಬರೆದಿಡಬೇಕೆಂದು ಬಹಳ ದಿನದಿಂದ ಅಂದುಕೊಂಡಿದ್ದೇನೆ. ನಲವತ್ತು ವರ್ಷಗಳಾದವು. ಆದ್ದರಿಂದ ನಿಧಾನವಾಗಿ, ಕಂಡದ್ದನ್ನಷ್ಟೇ ಬರೆಯುತ್ತೇನೆ.

ನಮ್ಮದು ಕಂಬಂ ಕಣಿವೆಯ ಕನ್ನಡದ ಮನೆ. ಬೀದಿಯಲ್ಲಿ ತಮಿಳು, ಅಡಿಗೆಮನೆಯಲ್ಲಿ ಕನ್ನಡ. ಮಲೆಯಾಚೆಯ ನೀರನ್ನು ಸುರಂಗ ಕೊರೆದು ನಮ್ಮ ಕಡೆಗೆ ತಿರುಗಿಸುತ್ತಿದ್ದ ವರ್ಷಗಳು ಅವು. ನನ್ನ ಓರಗೆಯವರು ಅಲ್ಲಿ ಕಲ್ಲು ಹೊರಲು ಹೋದರು. ನಾನು ದಿಂಡಿಗಲ್ಲಿಗೆ ಬಂದು ಬೇರೆ ಬಗೆಯ ಕಲ್ಲಿನ ಮುಂದೆ ಕೂತೆ.

ಅದು ಕಲ್ಲಚ್ಚಿನ ಕಲ್ಲು. ನುಣ್ಣಗೆ ಉಜ್ಜಿದ, ಮಾಸಲು ಹಳದಿ ಬಣ್ಣದ ಹಾಸು. ಅದರ ಮೇಲೆ ಜಿಡ್ಡಿನ ಮಸಿಯಲ್ಲಿ ಚಿತ್ರ ಬರೆದು, ಕಲ್ಲನ್ನು ಒದ್ದೆ ಮಾಡಿ, ಮಸಿಯ ಉರುಳೆಯನ್ನು ಓಡಿಸಿದರೆ ಗೆರೆಗೆ ಮಾತ್ರ ಮಸಿ ಹತ್ತುತ್ತದೆ. ಕಾಗದ ಒತ್ತಿ ತೆಗೆದರೆ ಚಿತ್ರ ಎಡಬಲ ತಿರುಗಿ ಬರುತ್ತದೆ. ಆದ್ದರಿಂದ ಕಲ್ಲಿನ ಮೇಲೆ ಎಲ್ಲವನ್ನೂ ತಿರುಗಿಸಿ ಬರೆಯಬೇಕು, ಅಕ್ಷರವನ್ನೂ, ಬಲಗೈಯನ್ನೂ, ಕೂದಲ ಬೈತಲೆಯನ್ನೂ. ಮೊದಲ ವರ್ಷ ನಾನು ಬರೆದ ಪೈಲ್ವಾನರೆಲ್ಲ ಎಡಚರಾದರು. ಅಚ್ಚುಕೂಟದ ಯಜಮಾನರು ಬೈಯಲಿಲ್ಲ. ಒಂದು ಕನ್ನಡಿ ತಂದು ನನ್ನ ಮಗ್ಗುಲಲ್ಲಿ ನಿಲ್ಲಿಸಿ, "ತಂಬಿ, ಇದರಲ್ಲಿ ಸರಿ ಕಂಡರೆ ಲೋಕಕ್ಕೆ ಸರಿ" ಎಂದರು. ಅವರ ತಾಳ್ಮೆಗೆ ನಾನು ಇಂದಿಗೂ ಕೈಮುಗಿಯುತ್ತೇನೆ.

ಬಿಡುವಿನಲ್ಲಿ ಹರಿದ ಕಾಗದದ ಮೇಲೆ ಅಣಕದ ಚಿತ್ರ ಬರೆಯುತ್ತಿದ್ದೆ. ಉರುಳೆ ಓಡಿಸುವವನ ಕಿವಿಯನ್ನು ಮೊರದಷ್ಟು ಮಾಡುತ್ತಿದ್ದೆ, ಯಜಮಾನರ ಹೊಟ್ಟೆಯನ್ನು ಅವರಿಗಿಂತ ಒಂದು ಹೆಜ್ಜೆ ಮುಂದೆ ನಡೆಸುತ್ತಿದ್ದೆ. ಯಜಮಾನರು ಅದನ್ನು ನೋಡಿ, "ಹೊಟ್ಟೆ ನನ್ನದೇ, ನಡಿಗೆ ನಮ್ಮಪ್ಪನದು" ಎಂದರು. ಅವತ್ತು ತಿಳಿಯಿತು: ಹೊಟ್ಟೆ ದೊಡ್ಡದು ಮಾಡಿದರೆ ನಗು ಬರುವುದಿಲ್ಲ, ಅದು ನಡೆಯಬೇಕು.

ನಡಿಗೆಯನ್ನು ನಾನು ಕಲಿತದ್ದು ಕಣ್ಣಿನಿಂದಲ್ಲ, ಕಿವಿಯಿಂದ. ಅಚ್ಚುಕೂಟದ ಹಿಂದಿನ ಹಿತ್ತಲಲ್ಲಿ ಒಂದು ಬ್ಯಾಂಡು ಸಾಧನೆ ಮಾಡುತ್ತಿತ್ತು. ದಂಡಿನಿಂದ ಪಿಂಚಣಿ ಪಡೆದು ಬಂದ ಮುದುಕರೊಬ್ಬರು ಕ್ಲಾರಿನೆಟ್ ಊದುತ್ತಿದ್ದರು, ಇಬ್ಬರು ಡೋಲು ಬಾರಿಸುತ್ತಿದ್ದರು, ಒಬ್ಬ ದೊಡ್ಡ ಕೊಂಬು ಹಿಡಿಯುತ್ತಿದ್ದ. ದಂಡಿನ ಹಾಡನ್ನು ಮುದುಕರು ಎರಡು ಸಲ ಬರೆದಂತೆಯೇ ಊದುವರು. ಮೂರನೆಯ ಸಲ ದಾರಿ ಬಿಟ್ಟು ಓಣಿಗೆ ಇಳಿಯುವರು. ಡೋಲಿನವರು ದಾರಿಯಲ್ಲೇ ನಡೆಯುವರು, ಕ್ಲಾರಿನೆಟ್ ಬೇಲಿ ಹಾರಿ, ಯಾರದೋ ಅಂಗಳ ಹೊಕ್ಕು, ಮತ್ತೆ ಸರಿಯಾದ ಹೆಜ್ಜೆಗೇ ಬಂದು ಸೇರುವುದು. ಆ ಓಣಿಯ ಹೊತ್ತಿಗೆ ಸರಿಯಾಗಿ ನನ್ನ ಕುಂಚ ಗೆರೆ ಎಳೆಯುತ್ತಿತ್ತು. ಮೊನ್ನೆ ಮೊಮ್ಮಗಳು ಗ್ರಾಮಫೋನಿನಲ್ಲಿ ಒಂದು ಪ್ಲೇಟು ಹಾಕಿ, "ಇದಕ್ಕೆ ಜಾಜ್ ಅಂತಾರೆ ತಾತಾ, ಹೊಸದು" ಎಂದಳು. ನಾನು ಕಣ್ಣು ಮುಚ್ಚಿ ಕೇಳಿದೆ. ಹೊಸದಲ್ಲ ಅನ್ನಿಸಿತು. ಈಗ ವಾರಕ್ಕೆ ಎರಡು ಸಲ ಹಾಕಿಸಿ ಕೇಳುತ್ತೇನೆ.

ಹೀಗಿರುವಾಗ ಒಬ್ಬ ಚುಟ್ಟದ ವ್ಯಾಪಾರಿ ಬಂದರು. "ಊರಲ್ಲಿರೋ ಪೆಟ್ಟಿಗೆಗಳ ಮೇಲೆಲ್ಲ ಆನೆ, ದೊರೆಸಾನಿ. ನನಗೆ ಒಂದು ಹೋರಿ ಬೇಕು. ನಿಂತ ಹೋರಿ ಅಲ್ಲ, ಈಗ ಮುಂದೆ ಬರುತ್ತೆ ಅನ್ನಿಸೋ ಹೋರಿ" ಎಂದರು. ಯಜಮಾನರು ನನ್ನ ಕಡೆ ನೋಡಿದರು. ನಾನು ಒಂದು ಕ್ಷಣವೂ ಯೋಚಿಸಲಿಲ್ಲ. ಅಂಥ ಹೋರಿ ನನ್ನ ಕಣ್ಣಿನಲ್ಲಿ ಒಂದೇ ಇತ್ತು.

ನಮ್ಮವರಿಗೆ ಒಂದು ದೇವರ ಹಿಂಡು ಇದೆ. ದೇವರಾವು ಎನ್ನುತ್ತೇವೆ. ಆ ಆವುಗಳ ಹಾಲು ಕರುಗಳಿಗೇ ಬಿಟ್ಟದ್ದು. ಅವುಗಳನ್ನು ನೊಗಕ್ಕೆ ಕಟ್ಟುವುದಿಲ್ಲ, ಮಾರುವುದಿಲ್ಲ, ಸತ್ತರೆ ಮಣ್ಣು ಮಾಡುತ್ತೇವೆ. ಹಿಂಡಿಗೆ ಒಂದು ಹೋರಿ ಅರಸು. ಹಳೆಯ ಹೋರಿ ಸತ್ತರೆ ಹೊಸದನ್ನು ಮನುಷ್ಯರು ಆರಿಸುವಂತಿಲ್ಲ. ಎಳೆಯ ಹೋರಿಗಳ ಮುಂದೆ ಕಬ್ಬು ಇಟ್ಟು ಎಲ್ಲರೂ ಕೈಕಟ್ಟಿ ನಿಲ್ಲುತ್ತಾರೆ. ಯಾವುದು ತಾನಾಗಿ ಬಂದು ಮೊದಲು ಬಾಯಿ ಹಾಕುತ್ತದೋ ಅದಕ್ಕೇ ಪಟ್ಟ. ಹಾಗೆ ಒಂದು ಹೋರಿ ಮುಂದೆ ಬಂದದ್ದನ್ನು ನಾನು ಕಣ್ಣಾರೆ ಕಂಡಿದ್ದೆ. ಅದರ ಎಡಗೊಂಬು ಕಣ್ಣಿನ ಕಡೆಗೆ ಬಾಗಿತ್ತು, ಬಲ ಭುಜದ ಮೇಲೆ ಎಲೆಯಾಕಾರದ ಬಿಳಿ ಮಚ್ಚೆ ಇತ್ತು. ಮುಂಗಾಲೊಂದನ್ನು ಎತ್ತಿ, ಇಡಲೋ ಬೇಡವೋ ಎಂಬಂತೆ ಅದು ಒಂದು ಗಳಿಗೆ ತಡೆದಿತ್ತು.

ಆ ಗಳಿಗೆಯನ್ನೇ ಬರೆದೆ. ಕನ್ನಡಿ ಇಟ್ಟುಕೊಂಡು, ಬಾಗಿದ ಕೊಂಬನ್ನು ಕಲ್ಲಿನ ಮೇಲೆ ಬಲಕ್ಕೆ ತಿರುಗಿಸಿ, ಮಚ್ಚೆಯನ್ನು ಎಡಕ್ಕೆ ತಿರುಗಿಸಿ, ಹದಿನೈದು ದಿನ ಬರೆದೆ. ಕಾಗದದ ಮೇಲೆ ಹೋರಿ ಇದ್ದ ಹಾಗೇ ಬಂತು. ನಾನು ಎಂದಿನಂತೆ ಎಡವಟ್ಟು ಮಾಡಿ ಅದನ್ನು ತಿರುಗುಮುರುಗು ಬರೆದಿದ್ದರೆ ಅದು ಯಾವುದೋ ಊರಿನ ಯಾವುದೋ ಹೋರಿಯಾಗುತ್ತಿತ್ತು. ನನ್ನ ಜೀವನದಲ್ಲಿ ಮೊದಲ ಬಾರಿಗೆ ಸರಿಯಾಗಿ ಮಾಡಿದ ಕೆಲಸವೇ ನನ್ನನ್ನು ಹಿಡಿದುಕೊಟ್ಟಿತು.

ಎರಡು ತಿಂಗಳಾದ ಮೇಲೆ ಒಂದು ಮಧ್ಯಾಹ್ನ ನನ್ನ ಸೋದರಮಾವ ಅಚ್ಚುಕೂಟದ ಬಾಗಿಲಲ್ಲಿ ನಿಂತಿದ್ದರು. ಮೈಯೆಲ್ಲ ದಾರಿಯ ಧೂಳು. ಕೈಯಲ್ಲಿ ಚುಟ್ಟದ ಪೆಟ್ಟಿಗೆಯ ಮುಚ್ಚಳ.

"ಇದು ಯಾರ್ ಬರ್ದುದ್ದುಡಾ?"

"ನಾನೇ ಮಾಮಾ. ಚೆನ್ನಾಗಿಲ್ವಾ?" ಎಂದೆ. ಹೊಗಳಲು ಬಂದಿದ್ದಾರೆ ಎಂದೇ ತಿಳಿದೆ. ಇದನ್ನು ಬರೆಯಲು ನಾಚಿಕೆಯಾಗುತ್ತದೆ.

"ಚೆನ್ನಾಗದೆ. ಅದಕ್ಕೇ ಬಂದೆ. ಚೆನ್ನಾಗಿಲ್ದಿದ್ರೆ ಯಾವ್ದೋ ಹೋರಿ ಅಂತ ಬಿಟ್ಬುಡ್ತಿದ್ರು. ಕೊಂಬು ನೋಡಿದ್ದೇ ಸೈ, ಸಂತೇಲಿ ಹೆಂಗುಸ್ರೆಲ್ಲ ಕೈಮುಗುದ್ರು. ಚುಟ್ಟದ್ ಪೆಟ್ಗೇಗೆ ಕೈಮುಗುದ್ರುಡಾ!"

ನಾನು ಕುಂಚ ಕೆಳಗಿಟ್ಟೆ.

"ದೇವ್ರಾವಿನ ಹಿಂಡಲ್ಲಿ ಒಂದ್ ಕರ ಮಾರಿದ್ದು ಕೇಳಿದೀಯಾ? ಬರಗಾಲ್ದಾಗೆ ಹೊಟ್ಟೆಗಿಲ್ದೆ ಸತ್ರು, ಮಾರಿಲ್ಲ. ನೀನು ಪಟ್ಟದ್ದನ್ನೇ ಮಾರ್ಬುಟ್ಟೆ. ಅದೂ ಹೊಗೆಸೊಪ್ಪಿನ್ ಜೊತೆ, ಕಟ್ಟು ಕಟ್ಟಾಗಿ." ಮುಚ್ಚಳವನ್ನು ನನ್ನ ಕಲ್ಲಿನ ಮೇಲೆ ಇಟ್ಟರು. ಆಮೇಲೆ ಸ್ವರ ಇಳಿಸಿ ಹೇಳಿದರು: "ನಿಮ್ಮವ್ವನ್ನ ದೇವ್ರಾವಿನ್ ದೊಡ್ಡಿ ಒಳಕ್ಕೆ ಬುಡ್ದೆ ಒಂಬತ್ ದಿನ ಆಯ್ತು. ತೀರ್ಮಾನ ಆಗೋತನ್ಕ ಬರ್ಬೇಡ ಅಂದವ್ರೆ. ಹುಲ್ಲು ಹೊತ್ಕಂಡು ಓಯ್ತಾಳೆ, ಹೊರ್ಗೇ ಇಟ್ಟು ಬತ್ತಾಳೆ."

ನಾನು ಹುಟ್ಟಿ ಬದುಕುವುದಿಲ್ಲ ಎಂದಾಗ ಅವ್ವ ಹರಕೆ ಹೊತ್ತಿದ್ದಳು. ಅಂದಿನಿಂದ ದಿನವೂ ಒಂದು ಹೊರೆ ಹುಲ್ಲು ಕೊಯ್ದು ದೇವರಾವುಗಳಿಗೆ ತನ್ನ ಕೈಯಾರೆ ಹಾಕುತ್ತಿದ್ದಳು. ಮಳೆಯಲ್ಲಿ ಬಿಟ್ಟಿರಲಿಲ್ಲ, ಜ್ವರದಲ್ಲಿ ಬಿಟ್ಟಿರಲಿಲ್ಲ. ಯಾರ ಜೀವಕ್ಕಾಗಿ ಅವಳು ಆ ಬಾಗಿಲು ಹೊಕ್ಕಳೋ ಅವನ ಕೈಯಿಂದಲೇ ಅದು ಮುಚ್ಚಿತು.

ಯಜಮಾನರಿಗೆ ಎಲ್ಲವನ್ನೂ ಹೇಳಿದೆ. ಅವರು ನಮ್ಮವರಲ್ಲ, ನಮ್ಮ ಕಟ್ಟಳೆ ಅವರದಲ್ಲ. ಬಹಳ ಹೊತ್ತು ಕಲ್ಲನ್ನು ನೋಡಿದರು. "ಇದಕ್ಕಿಂತ ಒಳ್ಳೆಯದನ್ನ ನೀನು ಬರೆದಿಲ್ಲ ತಂಬಿ. ಮುಂದೆ ಬರೀತೀಯೋ ಇಲ್ಲವೋ ತಿಳಿಯದು" ಎಂದರು. ಆಮೇಲೆ ತಾವೇ ಮರಳಿನ ಡಬ್ಬ ತಂದಿಟ್ಟರು. "ಉಜ್ಜು. ನೀನೇ ಉಜ್ಜು. ಬೇರೆಯವರು ಉಜ್ಜಿದರೆ ಅವರ ಮೇಲೆ ನಿನಗೆ ಸಿಟ್ಟು ಉಳಿಯುತ್ತೆ."

ಒದ್ದೆ ಮರಳು ಚೆಲ್ಲಿ, ಕಲ್ಲಿನ ಮೇಲೆ ಇನ್ನೊಂದು ಕಲ್ಲಿಟ್ಟು ಸುತ್ತ ಸುತ್ತ ಉಜ್ಜಿದೆ. ಮೊದಲು ಬಾಲ ಹೋಯಿತು, ಆಮೇಲೆ ಮಚ್ಚೆ. ಎತ್ತಿದ ಕಾಲು ಕಡೆಯವರೆಗೂ ಉಳಿದಿತ್ತು. ಮಾವ ಬಾಗಿಲಲ್ಲಿ ಕೂತು ನೋಡಲಾರದೆ ಬೀದಿಯ ಕಡೆ ತಿರುಗಿದರು.

ವ್ಯಾಪಾರಿಗೆ ಬೇರೆ ಚಿತ್ರ ಬೇಕಲ್ಲ? ಅವರು ಮುಖ ಊದಿಸಿಕೊಂಡು ಕೂತಿದ್ದರು. ನಾನು ಹಿತ್ತಲಿಗೆ ಹೋಗಿ ಕ್ಲಾರಿನೆಟ್ಟಿನ ಮುದುಕರನ್ನು, "ಅಯ್ಯಾ, ನಿಮ್ಮನ್ನ ಪೆಟ್ಟಿಗೆ ಮೇಲೆ ಬರೆಯಲಾ?" ಎಂದು ಕೇಳಿದೆ. ಒಬ್ಬರನ್ನು ಕೇಳಿ ಬರೆದದ್ದು ಅದೇ ಮೊದಲು.

"ಬರಿ. ಮೂಗು ಮಾತ್ರ ಕಡಿಮೆ ಮಾಡಬೇಡ. ನನ್ನ ಹೆಂಡತಿ ಗುರುತು ಹಿಡೀಬೇಕಲ್ಲ" ಎಂದರು.

ಉಬ್ಬಿದ ಕೆನ್ನೆ, ಮೂಗು, ಕ್ಲಾರಿನೆಟ್ಟಿನ ಬಾಯಿಂದ ಸುರುಳಿ ಸುರುಳಿಯಾಗಿ ಹೊಗೆ. ವ್ಯಾಪಾರಿ ಹೊಟ್ಟೆ ಹಿಡಿದುಕೊಂಡು ನಕ್ಕರು. ಹೋರಿಯ ಚೀಟಿಗಳಲ್ಲಿ ಉಳಿದಿದ್ದನ್ನೆಲ್ಲ ಒಲೆಗೆ ಹಾಕಲು ಒಪ್ಪಿದರು.

ಆದರೆ ಕಣಿವೆಗೆ ಹೋದ ಪೆಟ್ಟಿಗೆಗಳಿದ್ದವು. ಮಾವನ ಗಾಡಿಯಲ್ಲಿ ಹೊರಟೆವು. ನಿಲಕ್ಕೋಟ್ಟೈಯಿಂದ ಕಾಮಯಗೌಂಡನ್‌ಪಟ್ಟಿಯವರೆಗೆ ಅಂಗಡಿ ಅಂಗಡಿಗೂ ಇಳಿದು, ಬಿಸಿನೀರು ಬೇಡಿ, ಬಟ್ಟೆ ಅದ್ದಿ, ಚೀಟಿಯನ್ನು ನೆನೆಸಿ ಕಿತ್ತು, ಆ ಜಾಗದಲ್ಲಿ ಹೊಸದನ್ನು ಅಂಟಿಸುವುದು. "ದಿಂಡಿಗಲ್ಲಿಂದ ಪೆಟ್ಟಿಗೆ ತೊಳೆಯೋಕೂ ಬರ್ತೀರಾ?" ಎಂದು ನಕ್ಕವರಿದ್ದರು. ಕಾರಣ ಕೇಳಿ, ಮಾತಿಲ್ಲದೆ ಒಲೆಯಿಂದ ನೀರಿನ ಪಾತ್ರೆ ಇಳಿಸಿಕೊಟ್ಟವರು ಅವರಿಗಿಂತ ಹೆಚ್ಚು. ಅವರ ಮುಖಗಳು ನನಗೆ ಈಗ ಸ್ಪಷ್ಟವಿಲ್ಲ, ಆ ಬಿಸಿ ಬೆರಳಲ್ಲಿದೆ.

ತೇನಿಯ ಸಂತೆಯ ಮಗ್ಗುಲಿನ ಅಂಗಡಿಯಲ್ಲಿ ಮಾತ್ರ ಸೋತೆ. ಅಂಗಡಿಯ ಹೆಂಗಸು ಚೀಟಿಯನ್ನು ಪೆಟ್ಟಿಗೆಯಿಂದ ತಾನೇ ಬಿಡಿಸಿ ದೀಪದ ಗೂಡಿನ ಪಕ್ಕ ಗೋಡೆಗೆ ಅಂಟಿಸಿದ್ದಳು. ಕೊಂಬಿಗೆ ಅರಿಶಿನ, ಹಣೆಗೆ ಕುಂಕುಮ. ನಾನು ಒದ್ದೆ ಬಟ್ಟೆ ಎತ್ತಿದ್ದೇ ತಡ, ತಕ್ಕಡಿಯ ಬಟ್ಟು ಎತ್ತಿದಳು. "ಪೋಪ್ಪಾ! ಸಾಮಿ ಮುಖಕ್ಕೆ ಒದ್ದೆ ಬಟ್ಟೆ ಹಾಕ್ತೀಯಾ? ಬರೆದೋನು ಅಂತೆ! ಬರೆದ ಮೇಲೆ ನಿಂದೇನಿದೆ ಅದರಲ್ಲಿ?" ಮಾವ ನನ್ನ ತೋಳು ಹಿಡಿದು ಗಾಡಿಗೆ ಹತ್ತಿಸಿದರು.

ದೊಡ್ಡಿಯ ಮುಂದೆ ತೀರ್ಮಾನ. ಹಿಂಡನ್ನು ಕಾಯುವ ಪೂಜಾರಿ ವಯಸ್ಸಾದವರು, ಕಣ್ಣು ಮಂಜು. ದೊಡ್ಡಿಯ ಬಾಗಿಲಿಗೆ ಅಡ್ಡ ಮರ ಹಾಕಿತ್ತು. ಅದರ ಈಚೆಗೆ ಅವ್ವ ಹುಲ್ಲಿನ ಹೊರೆಯ ಮೇಲೆ ಕೈಯಿಟ್ಟು ಕೂತಿದ್ದಳು. ನನ್ನ ಕಡೆ ನೋಡಲಿಲ್ಲ.

"ಯಾರ್ನ ಕೇಳಿ ಬರ್ದೆಪ್ಪಾ?" ಎಂದರು ಪೂಜಾರಿ.

"ಯಾರ್ನೂ ಕೇಳ್ಲಿಲ್ಲ ಅಯ್ಯಾ. ಕೇಳ್ಬೇಕು ಅಂತ ಹೊಳೀಲಿಲ್ಲ."

"ಎಲ್ಲಾ ಕಿತ್ಯಾ?"

ಹೂಂ ಅನ್ನಬಹುದಿತ್ತು. ಮಾವ ಹೇಳುತ್ತಿರಲಿಲ್ಲ. ಅವ್ವನ ಕೈ ಹುಲ್ಲನ್ನು ಬಿಗಿಯಾಗಿ ಹಿಡಿದದ್ದು ಕಂಡಿತು. "ಒಂದ್ ಉಳೀತು ಅಯ್ಯಾ" ಎಂದು ತೇನಿಯ ಗೋಡೆಯನ್ನು ಇದ್ದ ಹಾಗೇ ಹೇಳಿದೆ, ಅರಿಶಿನ, ಕುಂಕುಮ, ತಕ್ಕಡಿಯ ಬಟ್ಟು ಸಮೇತ.

ನೆರೆದವರಲ್ಲಿ ಗುಜುಗುಜು ಎದ್ದಿತು. ಪೂಜಾರಿ ಕೋಲನ್ನು ನೆಲಕ್ಕೆ ಕುಟ್ಟಿದರು. "ಆಯಮ್ಮ ಅದ್ನ ಮಾರ್ತಾಳಾ?" ಎಂದರು.

"ಇಲ್ಲ. ಮುಟ್ಟಕ್ಕೂ ಬಿಡಾಕಿಲ್ಲ."

"ಅಂಗಾರೆ ನಮ್ದೇನು ಹೋಯ್ತು? ಇರ್ಲಿ ಬುಡು. ಮಾರ್ದೆ ಇದ್ರೆ ಸೈ." ಕೋಲಿನಿಂದ ಬಾಗಿಲ ಮುಂದಿನ ನೆಲ ತೋರಿಸಿದರು. "ನಂಗೆ ಕಣ್ಣು ಕಾಣಾಕಿಲ್ಲ, ಪೆಟ್ಗೆ ಮೇಲಿಂದು ನೋಡಾಕಾಗ್ಲಿಲ್ಲ. ಇಲ್ಲಿ ದೊಡ್ದಾಗಿ ಬರಿ."

ಸುಣ್ಣದ ಪುಡಿ ತಂದರು. ಹತ್ತಾಳಗಲ ಬರೆದೆ. ಇಲ್ಲಿ ಏನನ್ನೂ ತಿರುಗಿಸಬೇಕಿರಲಿಲ್ಲ. ಪೂಜಾರಿ ಬಗ್ಗಿ, ಗೆರೆಯ ಪಕ್ಕದಲ್ಲೇ ಮೂಗು ಇಟ್ಟು, ತಲೆಯಿಂದ ಬಾಲದವರೆಗೆ ನಡೆದು ನೋಡಿದರು. "ಕಾಲು ಎತ್ತೈತೆ" ಎಂದರು, ಅಷ್ಟೇ.

ಅಷ್ಟರಲ್ಲಿ ಹಿಂಡು ಮನೆಗೆ ಬಂತು. ಯಾರೂ ಅದನ್ನು ತಡೆಯಲಿಲ್ಲ. ಪೂಜಾರಿ ಅಡ್ಡ ಮರ ಎಳೆದರು. ಆವುಗಳು ನನ್ನ ಗೆರೆಗಳ ಮೇಲೆ ನಡೆದು ಒಳಗೆ ಹೋದವು. ಗೊರಸು ಬಿದ್ದಲ್ಲೆಲ್ಲ ಸುಣ್ಣ ಹಾರಿತು. ಬರೆದ ಬೆನ್ನು ಏರಿತು, ಇಳಿಯಿತು, ಭುಜ ಸರಿಯಿತು, ಆಮೇಲೆ ಬರಿಯ ಬಿಳಿ ಧೂಳು. ಗೆರೆ ಅಲುಗಬಲ್ಲದು ಎಂದು ನಾನು ಕಂಡದ್ದು ಅಲ್ಲಿ. ನನ್ನ ಎಲ್ಲ ಗಾಜುಗಳೂ ಅದರ ಮಕ್ಕಳು.

ಹಿಂಡಿನ ಹಿಂದೆ ಮರವನ್ನು ಮತ್ತೆ ಹಾಕಲಿಲ್ಲ. "ಬಾಮ್ಮಾ, ಹೊತ್ತಾಯ್ತು, ಹಸ್ದವೆ" ಎಂದರು ಪೂಜಾರಿ. ಅವ್ವ ಎದ್ದಳು. ಹೊರೆ ಎತ್ತಲು ನಾನು ಕೈ ಕೊಡಹೋದೆ, ಬೇಡವೆಂದು ತಾನೇ ತಲೆಗೇರಿಸಿದಳು. ಮೂರು ಹೆಜ್ಜೆ ಹೋಗಿ ನಿಂತು, ತಿರುಗದೆ, "ನಾಳೆ ಇದ್ದು ಓಗು" ಎಂದಳು. ಒಳಗೆ ಹೋದಳು.

ನಾನು ಹೊರಗೆ ನಿಂತೆ. ಇನ್ನು ಮುಂದೆ ಬರೆಯಕೂಡದು ಎಂಬ ಮಾತು ಯಾರದಾದರೂ ಬಾಯಿಂದ ಬರುತ್ತದೆ ಎಂದು ಕಾದೆ. ದಾರಿಯುದ್ದಕ್ಕೂ ನಾನು ಹೆದರಿದ್ದು ಅದಕ್ಕೇ. ಜನ ಒಬ್ಬೊಬ್ಬರಾಗಿ ಎದ್ದು, ಪಂಚೆ ಕೊಡವಿಕೊಂಡು ಮನೆಗೆ ಹೋದರು. ಆ ಮಾತನ್ನು ಯಾರೂ ಆಡಲಿಲ್ಲ.