ಸಿನಿಮಾದವಳ ಆಮ್ಲಜನಕ

ಮೆಹದಿಪಟ್ಟಣಂನ ಶಾಮಲಾಬಾಯಿಯವರಿಗೆ ಮದುವೆಗೆ ಮುಂಚಿನಿಂದಲೂ ಉಬ್ಬಸ. ಪತಿ ಹನುಮಂತರಾಯರು ಭೌತಶಾಸ್ತ್ರದ ನಿವೃತ್ತ ಅಧ್ಯಾಪಕರು. ಬಾಹ್ಯಾಕಾಶದಲ್ಲಿ ಒಬ್ಬಂಟಿಯಾಗಿ ಸಿಲುಕಿದ ಗಗನಯಾತ್ರಿಯೊಬ್ಬಳ ಸಿನಿಮಾ ನೋಡುವಾಗ, ಅವಳ ಆಮ್ಲಜನಕ ಎಷ್ಟು ಹೊತ್ತು ಸಾಲೀತೆಂದು ರಾಯರು ಬೆರಳೆಣಿಸುತ್ತಲೇ ಇದ್ದರು. ಶಾಮಲಾಬಾಯಿ ಪರದೆ ಬಿಟ್ಟು ಗಂಡನನ್ನೇ ನೋಡಿದರು. ತಮ್ಮ ಉಸಿರಿಗಾಗಿ ಆ ಮುಖ ಎಂದೂ ಹೀಗೆ ಬಾಡಿರಲಿಲ್ಲ.

ಚಿತ್ರಮಂದಿರದಿಂದ ಹೊರಬರುವಾಗ ರಾಯರೆಂದರು: “ವಿಜ್ಞಾನ ಭಾಳ ಖರೇ ತೋರಿಸ್ಯಾರ. ಪಾಪ, ಹ್ಯಾಂಗ ಉಸಿರು ಹಿಡದಿದ್ಲು ಆಕಿ!”

ಶಾಮಲಾಬಾಯಿ ಮೆಟ್ಟಿಲ ಮೇಲೆ ಕುಳಿತುಬಿಟ್ಟರು. “ಆಕಿ ಸಿಲಿಂಡರಿಂದು ಲೆಕ್ಕ ಇಟ್ರಿ. ನನ್ನ ಇನ್ಹೇಲರ್‌ನ್ಯಾಗ ಎಷ್ಟು ಉಳದದ, ಹೇಳ್ರಿ ನೋಡೋಣ?”

ರಾಯರು ಆಕೆಯ ಚೀಲದಿಂದ ಅದನ್ನು ತೆಗೆದು ಅಲುಗಾಡಿಸಿದರು. ಖಾಲಿಯಾಗಿತ್ತು. ಔಷಧದ ಅಂಗಡಿಯತ್ತ ಓಡಿದರು.

“ಸಾವಕಾಶ ಹೋಗ್ರಿ,” ಹಿಂದಿನಿಂದ ಶಾಮಲಾಬಾಯಿ ಕೂಗಿದರು, “ಆಕಿ ಆಗಲೇ ಭೂಮಿಗೆ ಇಳದಾಳ!”