ನಿಧಾನಕ್ಕನ ಅಯ್ಯೋ

ನಮ್ಮ ಪ್ರಾಣಿಗಳ ಆಸ್ಪತ್ರೆಯಲ್ಲಿ ಕಂಪ್ಯೂಟರ್ ನೋಡಿಕೊಳ್ಳುವವಳಿಗೆ ನಾವಿಟ್ಟ ಹೆಸರು ನಿಧಾನಕ್ಕ. ಬಂದುಹೋಗುವ ನಾಯಿ, ಬೆಕ್ಕು, ಗಿಳಿಗಳ ದಾಖಲೆಯೆಲ್ಲ ಇರುವ ಡೇಟಾಬೇಸ್ ಅವಳ ಕೈಯಲ್ಲಿದೆ. ಮುಂದಿನ ಕೌಂಟರಿನಲ್ಲಿ ಚೀಟಿ ಕೊಡುವ ನನಗೆ ಅವಳ ಕೆಲಸ ಕಣ್ಣಿಗೆ ಕಾಣುವುದಿಲ್ಲ, ಕಿವಿಗೆ ಕೇಳಿಸುತ್ತದೆ.

ಅವಳ ಕ್ರಮವೇ ಹಾಗಿತ್ತು. ಡೇಟಾಬೇಸಿಗೆಂದೇ ಇದ್ದ ಅವಳ ಹಳೆಯ ಪ್ರೋಗ್ರಾಂ ಮಹಾ ಸೋಮಾರಿ. ಆದೇಶ ಬರೆದು ಗುಂಡಿ ಒತ್ತಿದರೆ ಯೋಚಿಸುತ್ತಾ ಕೂರುತ್ತಿತ್ತು. ಇವಳು ಚಹಾ ತರಲು ಕಾರಿಡಾರಿಗೆ ಇಳಿಯುತ್ತಿದ್ದಳು. ಅರ್ಧ ದಾರಿಯಲ್ಲಿ ತಪ್ಪು ಹೊಳೆದು, "ಅಯ್ಯೋ!" ಎಂದು ಹಣೆ ಚಚ್ಚಿಕೊಂಡು ವಾಪಸು ಓಡಿ, ಅದಿನ್ನೂ ಆಕಳಿಸುತ್ತಿರುವಾಗಲೇ ಆದೇಶ ರದ್ದು ಮಾಡುತ್ತಿದ್ದಳು. ಅಯ್ಯೋ ಕೇಳಿದ ಕೂಡಲೇ ನಾವೆಲ್ಲ ದಾರಿಗೆ ಅಡ್ಡವಿದ್ದ ಕುರ್ಚಿಗಳನ್ನು ಸರಿಸುತ್ತಿದ್ದೆವು. ಮನೆಯಲ್ಲೂ ಅಷ್ಟೇ. ಬೀಗ ಹಾಕಿ ಗೇಟಿನವರೆಗೆ ಬಂದ ಮೇಲೆ "ಅಯ್ಯೋ, ಗ್ಯಾಸು!" ಎನ್ನುತ್ತಾಳೆ. ಆ ಅಯ್ಯೋ ಬರುವ ತನಕ ಅವಳ ಗಂಡ ಸ್ಕೂಟರ್ ಸ್ಟಾರ್ಟ್ ಮಾಡುವುದಿಲ್ಲ. ಪಾಪ, ಪಳಗಿದ ಮನುಷ್ಯ.

ಹೀಗಿರುವಾಗ ಆ ಪ್ರೋಗ್ರಾಂ ಮಾಡಿದ ಕಂಪನಿ, ಇನ್ನು ಇದಕ್ಕೆ ನಿವೃತ್ತಿ, ಎಲ್ಲರೂ ಕೋಡ್ ಎಡಿಟರ್ ಎಂಬ ಹೊಸ ಪ್ರೋಗ್ರಾಮಿಗೆ ಬನ್ನಿ ಎಂದಿತು.

"ನನಗಿಂತ ಮುಂಚೆ ಅದಕ್ಕೇ ರಿಟೈರ್‌ಮೆಂಟ್ ಸಿಕ್ತಲ್ಲೇ!" ಎಂದು ನಿಧಾನಕ್ಕ ಹೊಟ್ಟೆಕಿಚ್ಚು ಪಟ್ಟಳು.

ದೊಡ್ಡ ಡಾಕ್ಟರು ಮಾತ್ರ ನಗಲಿಲ್ಲ. "ನೋಡಮ್ಮಾ, ಹೊಸದ್ರಲ್ಲಿ ಒಂದು ಎಡವಟ್ಟಾದ್ರೂ ಈ ಕೆಲಸ ಹೊರಗಿನವ್ರಿಗೆ ಕೊಟ್ಬಿಡ್ತೀನಿ. ಸೋಮವಾರ ನಾನೇ ಕೂತು ನೋಡ್ತೀನಿ" ಎಂದರು. ಅಂದರೆ ಇವಳು ಮನೆಗೆ. ನನಗೆ ಮೈಯೆಲ್ಲ ಉರಿದುಹೋಯಿತು. ಇವಳಿಲ್ಲದಿದ್ದರೆ ದಿನವಿಡೀ ನಾನು ಯಾರನ್ನು ಗೇಲಿ ಮಾಡಲಿ?

ಸೋಮವಾರ ಬೆಳಿಗ್ಗೆ ಒಂದು ಆಮೆ ಬಂತು. ದಾಖಲೆಯಲ್ಲಿ ಅದು ಮೊಲ ಎಂದಿತ್ತು. ಅದನ್ನು ಆಮೆ ಎಂದು ತಿದ್ದುವ ಆದೇಶವನ್ನು ನಿಧಾನಕ್ಕ ಹೊಸ ಎಡಿಟರಿನಲ್ಲಿ ಬರೆದು, ಗುಂಡಿ ಒತ್ತಿ, ಎಂದಿನಂತೆ ಚಹಾಕ್ಕೆ ಹೊರಟಳು. ಅರ್ಧ ದಾರಿಯಲ್ಲಿ "ಅಯ್ಯೋ!" ಕುರ್ಚಿಗಳು ಸರಿದವು, ಅವಳು ಓಡಿದಳು. ಆದರೆ ಹೊಸ ಎಡಿಟರು ಚುರುಕು. ಅವಳು ಎದ್ದು ನಿಲ್ಲುವ ಮೊದಲೇ ಕೆಲಸ ಮುಗಿಸಿ ಕೂತಿತ್ತು. ಯಾವ ಪ್ರಾಣಿಯದನ್ನು ತಿದ್ದಬೇಕು ಎಂಬುದನ್ನೇ ಅವಳು ಬರೆದಿರಲಿಲ್ಲ. ಊರಿನ ಸಮಸ್ತ ನಾಯಿ, ಬೆಕ್ಕು, ಗಿಳಿಗಳೂ ಆಮೆಗಳಾಗಿದ್ದವು. ನನ್ನೆದುರು ಕರುವಿನಷ್ಟು ದೊಡ್ಡ ನಾಯಿಯೊಂದು ಬೊಗಳುತ್ತಿತ್ತು. ಪರದೆಯಲ್ಲಿ ಅದೂ ಆಮೆ.

"ಬೆಳಿಗ್ಗೆ ತೆಗೆದಿಟ್ಟ ದಾಖಲೆಗಳ ನಕಲು ಇದೆ, ವಾಪಸ್ ತರ್ತೀನಿ. ಒಂಚೂರು ಹೊತ್ತು ಹೇಗಾದ್ರೂ ತಳ್ಳೇ!" ಎಂದಳು. ಹೇಳುತ್ತಲೇ ತನ್ನ ಕೋಣೆಗೆ ಓಡಿದಳು.

ತಪಾಸಣೆ ಕೋಣೆಯಲ್ಲಿ ಡಾಕ್ಟರು ತಮ್ಮ ಕಂಪ್ಯೂಟರ್ ಮುಂದೆ ಕೂತು, "ಕಳಿಸಿ!" ಎಂದರು. ಸಾಲಿನಲ್ಲಿ ಮೊದಲಿದ್ದದ್ದು ಆ ನಾಯಿ. ಇಡೀ ಆಸ್ಪತ್ರೆಯಲ್ಲಿ ದಾಖಲೆ ಸರಿಯಿದ್ದದ್ದು ಒಂದೇ ಜೀವದ್ದು.

"ಆಮೆಯವ್ರು ಬನ್ನಿ, ನಿಮ್ದು ಅರ್ಜೆಂಟು!" ಎಂದೆ.

"ಉಗುರು ಕತ್ತರಿಸೋಕೆ ಬಂದಿರೋದು, ಅರ್ಜೆಂಟೇನಿಲ್ಲ" ಎಂದ ಆಮೆಯ ಯಜಮಾನ.

"ಉಗುರೇ ಅರ್ಜೆಂಟು, ನಡೀರಿ!"

ಡಾಕ್ಟರನ್ನು ನೋಡಿದ್ದೇ ಆಮೆ ತಲೆ, ಕಾಲು ಎಲ್ಲ ಒಳಗೆಳೆದುಕೊಂಡಿತು. ಡಾಕ್ಟರು ಚಿಪ್ಪು ತಟ್ಟಿದರು, ಸೊಪ್ಪು ಹಿಡಿದರು, "ಬಾರೋ ಮರಿ, ಬಾರೋ ರಾಜ" ಎಂದು ಗೋಗರೆದರು. ಅದು ಜಪ್ಪಯ್ಯ ಎನ್ನಲಿಲ್ಲ. ಕೊನೆಗೆ ಅದು ಮೂಗು ಹೊರಹಾಕುವಷ್ಟರಲ್ಲಿ ನಿಧಾನಕ್ಕನ ಕೋಣೆಯಲ್ಲಿ ನಾಯಿಗಳೆಲ್ಲ ಮತ್ತೆ ನಾಯಿಗಳಾಗಿದ್ದವು.

ಸಂಜೆ ಡಾಕ್ಟರು, "ಪರವಾಗಿಲ್ಲಮ್ಮಾ, ಆಮೇನ ಆಮೆ ಅಂತ್ಲೇ ತೋರಿಸ್ತು. ನೀನೇ ನೋಡ್ಕೋ" ಎಂದರು. ನಿಧಾನಕ್ಕ ನನ್ನ ಪಕ್ಕ ಕುಸಿದು ಕೂತು ಅತ್ತಳು. ನಾನೂ ಅತ್ತೆ, ಸಂತೋಷಕ್ಕೆ.

ಈಗ ಅವಳು ಆದೇಶ ಬರೆದು, ಗುಂಡಿ ಒತ್ತದೆ, ಮೊದಲು ಚಹಾಕ್ಕೆ ಹೋಗಿ ಬರುತ್ತಾಳೆ. ನಿನ್ನೆ ಲೋಟ ಹಿಡಿದು ಸದ್ದಿಲ್ಲದೆ ಹಿಂತಿರುಗಿದಳು. ಅಯ್ಯೋ ಬಂದಿಲ್ಲವೆಂದರೆ ತಪ್ಪು ಇನ್ನೂ ಒಳಗೇ ಇದೆ.

"ಅಕ್ಕಾ, ಇನ್ನೊಂದ್ಸಲ ಹೋಗ್ಬಾ" ಎಂದೆ.

ಹೋದಳು. ಅರ್ಧ ದಾರಿಯಲ್ಲಿ "ಅಯ್ಯೋ!" ಕೇಳಿಸಿತು. ನಾವು ನೆಮ್ಮದಿಯಿಂದ ಕುರ್ಚಿ ಸರಿಸಿದೆವು.